ಮಗನ ಎತ್ತರದ ಚೌಕಾಸಿ

“ಗೋವೆಗೆ ಹೋಗಿ ಬರೂ ಖರ್ಚಲ್ಲಿ ದುಬೈ ತೋರಿಸ್ತೆ! ತೋರಿಸದೇ ಇದ್ರೆ ನನ್ನ ಹೆಸರು ದತ್ತಾನೇ ಅಲ್ಲ!”

ಹಾರವಾಡದ ಮೀನು ವ್ಯಾಪಾರಿ ದತ್ತಾ ಹೀಗೆಂದು ಘೋಷಿಸಿದ್ದು ತೊಂಬತ್ತರ ದಶಕದ ಒಂದು ಮೇ ತಿಂಗಳಲ್ಲಿ, ತನ್ನ ಮನೆಯ ಜಗಲಿಯ ಮೇಲೆ, ಮೈಮೇಲೆ ಬನಿಯನ್ನೂ ಇಲ್ಲದೆ. ಈ ಚಾರಿತ್ರಿಕ ಘೋಷಣೆಗೆ ಸಾಕ್ಷಿಯಾಗಿ ಹೆಂಡತಿ ದುರ್ಗಾ, ಮಗ ರವಿಕಿರಣ, ಮಗಳು ಸುಮಲತಾ ಮತ್ತು ಬಂಗಡೆ ತಲೆಗೆ ಕಾದಿದ್ದ ಒಂದು ಬೆಕ್ಕು ಇದ್ದರು. ಅವರಲ್ಲಿ ಬೆಕ್ಕು ಮಾತ್ರ ಪೂರ್ತಿ ನಂಬಿದಂತೆ ಕಂಡಿತು.

ಈ ಎಲ್ಲ ಗಲಾಟೆಗೂ ಕಾರಣ ಹಿಂದಿನ ವರ್ಷ ಬಂದ ಒಂದು ಫೋಟೋ. ದುರ್ಗಾಳ ಅಣ್ಣ ರಾಮನಾಥ ದುಬೈ ಬಂದರಿನಲ್ಲಿ ಫೋರ್‌ಮನ್ ಆಗಿದ್ದ. ಅವನ ಮಗ ಅಲ್ಲಿನ ಆಟದ ಪಾರ್ಕೊಂದರಲ್ಲಿ, ಆಕಾಶದಲ್ಲಿ ತಲೆಕೆಳಗಾಗಿ ಓಡುವ ರೈಲಿನಲ್ಲಿ ಕೂತು ಬಾಯಿ ಕಳೆದು ಕಿರುಚುತ್ತಿದ್ದ ಫೋಟೋ ಅದು. ಫೋಟೋದ ಬೆನ್ನಿಗೆ ರಾಮನಾಥ ಬರೆದಿದ್ದ: “ರವೀ, ಗೇಟಿನಲ್ಲಿ ಒಂದು ಹಲಗೆ ಇದೆ. ಅದರ ಮೇಲಿನ ಗೆರೆಗಿಂತ ಎತ್ತರ ಇದ್ದರೆ ಮಾತ್ರ ಈ ರೈಲಿಗೆ ಬಿಡುತ್ತಾರೆ. ಬೇಗ ಬೆಳೆ!”

ಬರೆದವನಿಗೇನೋ ಅದು ತಮಾಷೆ. ಆದರೆ ರವಿಗೆ ಹದಿಮೂರು ತುಂಬಿದ್ದರೂ ತರಗತಿಯ ಸಾಲಿನಲ್ಲಿ ಅವನೇ ಎಲ್ಲರಿಗಿಂತ ಮುಂದೆ ನಿಲ್ಲಬೇಕಿತ್ತು. ಶಾಲೆಯಲ್ಲಿ ಅವನ ಹೆಸರು ಶೆಟ್ಲಿ, ಅಂದರೆ ಸಿಗಡಿ. ಫೋಟೋ ಬಂದ ದಿನದಿಂದ ಹುಡುಗ ಬಲೆ ಒಣಗಿಸುವ ಬಿದಿರಿಗೆ ಬೆಳಿಗ್ಗೆ ಎದ್ದವನೇ ಜೋತುಬೀಳತೊಡಗಿದ. ಗೋಡೆಗೆ ಬೆನ್ನು ಕೊಟ್ಟು ನಿಂತು ತಂಗಿಯ ಕೈಯಲ್ಲಿ ಇದ್ದಿಲಿನಿಂದ ಗುರುತು ಹಾಕಿಸಿಕೊಂಡ. ಜೋತಾಡಿದ್ದಕ್ಕೋ, ವಯಸ್ಸಿಗೋ, ಆ ವರ್ಷ ಅವನು ನಿಜಕ್ಕೂ ಉದ್ದವಾಗತೊಡಗಿದ. ಇದು ಮನೆಯಲ್ಲಿ ದತ್ತಾ ಒಬ್ಬನನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು. ದತ್ತಾ ಬೆಳಕು ಹರಿಯುವ ಮೊದಲೇ ದಡಕ್ಕೆ ಹೋಗುವವನು. ರಜೆಯಲ್ಲಿ ಮಗ ದೋಣಿ ನೂಕಲು ಬಂದರೂ ಅವನ ಕಣ್ಣು ಮೀನಿನ ಮೇಲೆ. ಮಗನನ್ನು ನೋಡುತ್ತಿದ್ದುದೇ ರಾತ್ರಿ, ಮಲಗಿರುವಾಗ. ಮಲಗಿದವರ ಎತ್ತರ ಯಾರು ನೋಡುತ್ತಾರೆ?

ದತ್ತಾನ ಕಸುಬಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ದೋಣಿ ದಡಕ್ಕೆ ಬಂದು ಮೀನು ಮರಳಿನ ಮೇಲೆ ಬಿದ್ದಾಗ ಕೊಳ್ಳುವವನು ಅದನ್ನು ಹೊಗಳುವಂತಿಲ್ಲ. ಹೊಗಳಿದರೆ ರೇಟು ಏರಿತು! ಆಳಿನುದ್ದದ ಇಸ್ವಣ ಮೀನು ಬಿದ್ದಿದ್ದರೂ ಮೂಗು ಮುರಿದು “ಎಂತಾ ಇದು, ಮರಿ” ಅನ್ನಬೇಕು. ಹೊಳೆಯುವ ಪಾಂಪ್ಲೆಟ್ ನೋಡಿ “ಬಣ್ಣ ಹೋಗಿದೆಯಲ್ಲಾ” ಅಂತ ಮರುಗಬೇಕು. ಈ ವಿದ್ಯೆಯಲ್ಲಿ ಕಾರವಾರದಿಂದ ಅಂಕೋಲೆಯವರೆಗೆ ದತ್ತಾನನ್ನು ಮೀರಿಸಿದವರಿರಲಿಲ್ಲ. ಕೊನೆಕೊನೆಗೆ ಅದು ಅವನ ನಾಲಿಗೆಗೇ ಅಂಟಿಕೊಂಡುಬಿಟ್ಟಿತ್ತು. ದುರ್ಗಾ ಮಾಡಿದ ಮೀನುಸಾರನ್ನೂ ಅವನು “ಪರವಾ ಇಲ್ಲ, ತಿನ್ನೂಕಾಗ್ತದೆ” ಎನ್ನುತ್ತಲೇ ಮೂರು ಸಲ ಬಡಿಸಿಕೊಳ್ಳುತ್ತಿದ್ದ.

ಇಂಥ ಮಹಾಪುರುಷ ಪರದೇಶ ಯಾತ್ರೆಗೆ ಹೊರಟರೆ ಉಳಿತಾಯದ ಯೋಜನೆ ಸಾಮಾನ್ಯದ್ದಿರುತ್ತದೆಯೇ? ಉಳಿಯುವುದು ಭಾವನ ಮನೆಯಲ್ಲಿ. ತಿನ್ನಲು ಒಣಮೀನು, ಕೋಕಮ್ ಇಲ್ಲಿಂದಲೇ. ಹೋಗುವುದು ಜುಲೈನಲ್ಲಿ, ಮಳೆಗೆ ಮೀನುಗಾರಿಕೆ ಬಂದಾಗಿ ವ್ಯಾಪಾರವಿಲ್ಲದ ಹೊತ್ತಿನಲ್ಲಿ. ಬೊಂಬಾಯಿಯಿಂದ ವಿಮಾನದ ಟಿಕೇಟೂ ಆಗ ಭಾರೀ ಅಗ್ಗ!

“ಆ ತಿಂಗಳಲ್ಲೇ ಯಾಕೆ ಅಗ್ಗ ಅಂತ ಕೇಳಿದ್ರಾ?” ಎಂದಳು ದುರ್ಗಾ.

“ಕೇಳೂಕೆ ನಂಗೇನ್ ತಲೆ ಕೆಟ್ಟಿದ್ಯಾ? ಕೇಳಿದ್ರೆ ರೇಟ್ ಹೆಚ್ಚು ಮಾಡ್ತಾರೆ!”

ಮಳೆಗಾಲ ಅಂದರೆ ಲೋಕಕ್ಕೆಲ್ಲ ಮಳೆಗಾಲ ಎಂಬ ನಂಬಿಕೆಯಲ್ಲಿ ಅವರು ನಾಲ್ಕು ಕೊಡೆ ಕಟ್ಟಿಕೊಂಡು ಹೊರಟರು. ದುಬೈಯಲ್ಲಿ ವಿಮಾನದ ಬಾಗಿಲು ತೆರೆದದ್ದೇ ತಡ, ಬಿಸಿಗಾಳಿ ಮುಖಕ್ಕೆ ಬಡಿಯಿತು. ಹೆಂಡತಿ, ಮಗ ರಜೆಗೆ ಊರಿಗೆ ಹೋಗಿದ್ದರಿಂದ ಒಬ್ಬನೇ ಕರೆದೊಯ್ಯಲು ಬಂದಿದ್ದ ರಾಮನಾಥ ಕೊಡೆಗಳನ್ನು ನೋಡಿದ. ಒಂದೊಂದಾಗಿ ಮರ್ಯಾದೆಯಿಂದ ಎತ್ತಿ ಕಾರಿನ ಡಿಕ್ಕಿಯಲ್ಲಿಟ್ಟ. ಆ ಮರ್ಯಾದೆಯೇ ದತ್ತಾನಿಗೆ ಹೆಚ್ಚು ಚುಚ್ಚಿತು. ಹೋಗಿ ಬರುವ ಖರ್ಚಿನಲ್ಲಿ ಒಂದು ಕಾಸನ್ನೂ ಭಾವನಿಂದ ತೆಗೆದುಕೊಳ್ಳಬಾರದೆಂದು ಅವನು ಅಲ್ಲೇ ಇನ್ನೊಂದು ಶಪಥ ಮಾಡಿದ.

ಬಿಸಿಲಿಗೆ ಪಾರ್ಕು ಸಂಜೆ ಮಾತ್ರ ತೆರೆಯುತ್ತಿತ್ತು. ಅಲ್ಲಿಗೆ ಹೋಗುವ ದಿನ ಮಧ್ಯಾಹ್ನ ಊಟ ಮಾಡುವಾಗ ರಾಮನಾಥ ಮಾತಿನ ನಡುವೆ ಹೇಳಿದ: “ಸುಮಾಗೆ ಟಿಕೇಟ್ ಬೇಡ. ಗೇಟಿನ ಗೆರೆಗಿಂತ ಕಡಿಮೆ ಇದ್ದ ಮಕ್ಕಳಿಗೆ ಪುಕ್ಕಟೆ.”

ದತ್ತಾನ ಕೈ ತಟ್ಟೆಯಲ್ಲೇ ನಿಂತಿತು. “ಭಾವಾ, ಆ ಗೆರೆ ಎಷ್ಟೆತ್ತರಕ್ಕದೆ?”

ರಾಮನಾಥ ಎದ್ದು ನಿಂತು ತನ್ನ ಎದೆಯ ಹತ್ತಿರ ಕೈ ಹಿಡಿದು ತೋರಿಸಿದ. ದತ್ತಾ ಮಗನನ್ನು ಕರೆದು ಪಕ್ಕಕ್ಕೆ ನಿಲ್ಲಿಸಿದ. ರವಿ ಉತ್ಸಾಹದಿಂದ ಓಡಿ ಬಂದು ಉಸಿರು ಬಿಗಿಹಿಡಿದು ನಿಂತ. ತಲೆ ಮಾಮನ ಕೈ ದಾಟಿತ್ತು! ಹುಡುಗನ ಮುಖ ಅರಳಿತು. ಅಪ್ಪನ ಮುಖ ಬಾಡಿತು.

“ಎರಡು ಬೆರಳು ಹೆಚ್ಚು! ಎರಡು ಬೆರಳಿಗೆ ಪೂರ್ತಿ ಟಿಕೇಟಾ? ತಮಾ, ಗೇಟ್ ದಾಟೂವರೆಗೆ ಮಂಡಿ ಸ್ವಲ್ಪ ಬಗ್ಸು. ಒಳಗೆ ಹೋದ ಮೇಲೆ ಎಷ್ಟ್ ಬೇಕಾರೂ ಉದ್ದ ಆಗು. ಯಾರ್ ಬೇಡ ಅಂತಾರೆ?”

“ಒಂದು ವರ್ಷದಿಂದ ಬೆಳೆಯೂಕೆ ಬಿದಿರಿಗೆ ಜೋತುಬಿದ್ದ ಹುಡ್ಗನಿಗೆ ಮಂಡಿ ಬಗ್ಸು ಅಂತ್ರಾ?” ದುರ್ಗಾ ಸಿಡುಕಿದಳು.

“ಎರಡು ನಿಮಿಷದ ಮಾತು ಮಾರಾಯ್ತಿ! ಎತ್ತರ ಎಲ್ಲಿಗೆ ಓಡಿ ಹೋಗ್ತದೆ?”

ರವಿ ಮಂಡಿ ಬಗ್ಗಿಸಿದ. ಮಂಡಿ ಕಾಣದಿರಲೆಂದು ಮಾಮನ ಒಂದು ದೊಗಲೆ ಪ್ಯಾಂಟು ಹಾಕಿಸಿ, ಹಗ್ಗ ಬಿಗಿದು, ಆ ಏಸಿ ಕೋಣೆಯಲ್ಲಿ ಅತ್ತಿಂದಿತ್ತ ನಡೆಸಿ ತಾಲೀಮು ನಡೆಯಿತು. ಸುಮಾ ಕೇಕೆ ಹಾಕಿ ನಕ್ಕಳು. ದತ್ತಾ ನಿರ್ದೇಶಕನ ಗತ್ತಿನಲ್ಲಿ “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ” ಎನ್ನುತ್ತಲೇ ಇದ್ದ.

ಸಂಜೆ ಗೇಟಿನ ಕಿಟಕಿಯಲ್ಲಿ ಕೂತಿದ್ದವನು ಮಲೆಯಾಳಿ. ಮೀನಿನ ಲಾರಿಯವರಿಂದ ಕಲಿತ ಹಿಂದಿಯಲ್ಲಿ ದತ್ತಾ ಶುರು ಮಾಡಿದ: “ದೊಡ್ಡವರು ಮೂವರು. ಇವೆರಡು ಮರಿ.”

ಕಿಟಕಿಯವನು ರವಿಯನ್ನು ಒಮ್ಮೆ ನೋಡಿದ. “ಇವನೂ ಮರಿಯಾ?”

ಅಷ್ಟು ಕೇಳಿದ್ದೇ ಸಾಕಾಯಿತು. ದತ್ತಾನ ನಾಲಿಗೆಗೆ ದಡದ ಗಾಳಿ ಬಡಿಯಿತು. “ಇದ್ರಲ್ಲಿ ಏನದೆ ಸಾಹೇಬ್ರೆ! ತೂಕ ಇಲ್ಲ, ಉದ್ದ ಇಲ್ಲ. ತಿಂದದ್ದೆಲ್ಲಾ ಎಲ್ಲಿಗೆ ಹೋಗ್ತದೋ ದೇವರಿಗೇ ಗೊತ್ತು! ಇವನ ವಯಸ್ಸಿನವ್ರೆಲ್ಲಾ ಹೀಂಗೆ ಬೆಳೆದು ನಿಂತ್ರು. ಇದೊಂದು ಹೀಂಗೇ ಉಳೀತು. ಇನ್ನು ಬೆಳೆಯೂದೂ ಇಲ್ಲ, ಬಿಡಿ!”

ಅವನು ಮೂರನೇ ಮಾತಿಗೆ ಬರುವಷ್ಟರಲ್ಲೇ ಕಿಟಕಿಯವನು ಕೈಗೆ ಕಟ್ಟುವ ಎರಡು ಹಳದಿ ಪಟ್ಟಿ ಹೊರಗೆ ಚಾಚಿದ್ದ. ಆದರೂ ದತ್ತಾ ನಿಲ್ಲಲಿಲ್ಲ. ಮಾಲು ಕೈಗೆ ಬರುವವರೆಗೆ ಹಳಿಯುವುದು ಅವನ ಕಸುಬಿನ ಧರ್ಮ. ಅಪ್ಪನ ಒಂದೊಂದು ಮಾತಿಗೂ ದೊಗಲೆ ಪ್ಯಾಂಟಿನೊಳಗಿನ ಮಂಡಿ ಇನ್ನಷ್ಟು ಬಾಗುತ್ತ ಹೋಯಿತು. ಅಷ್ಟು ಬಗ್ಗು ಎಂದು ಯಾರೂ ಹೇಳಿರಲಿಲ್ಲ.

ಒಳಗೆ ಹೋದದ್ದೇ ದತ್ತಾ ಮೀಸೆ ತಿರುವಿದ. “ಗೆದ್ವಲ್ಲಾ! ತಮಾ, ಈಗ ನೆಟ್ಟಗಾಗು.”

ಆಕಾಶದ ರೈಲು ಕಣ್ಣೆದುರೇ ಧಡಧಡನೆ ಓಡುತ್ತಿತ್ತು. ಅದರ ಸಾಲಿನ ಬಾಯಲ್ಲಿ ನಿಂತಿದ್ದ ಕಾವಲಿನವನು ರವಿಯ ಮುಖವನ್ನೂ ನೋಡಲಿಲ್ಲ. ಕೈ ನೋಡಿದ. ಹಳದಿ ಪಟ್ಟಿ! “ಸಣ್ಣ ಮಕ್ಕಳ ಆಟ ಆ ಕಡೆ.”

“ಇವ ಸಣ್ಣವ ಅಲ್ಲ!” ಎಂದ ದತ್ತಾ.

“ಪಟ್ಟಿ ಹಳದಿ.”

“ಪಟ್ಟಿ ಹಳದಿ ಇರ್ಲಿ, ಹುಡ್ಗನ್ನ ನೋಡಿ!”

“ಪಟ್ಟಿ ಹಳದಿ,” ಎಂದು ಅವನು ಮುಂದಿನವರನ್ನು ಕರೆದ.

ಹಳದಿ ಪಟ್ಟಿಯವರಿಗೆ ಇದ್ದದ್ದು ಬಾತುಕೋಳಿ. ಮೊಣಕಾಲುದ್ದದ ನೀರಿನಲ್ಲಿ ಸುತ್ತುವ ಪ್ಲಾಸ್ಟಿಕ್ ಬಾತುಕೋಳಿಗಳು. ಸುಮಾ ಜಿಗಿದು ಒಂದರ ಮೇಲೆ ಕೂತಳು. ಅಲ್ಲಿದ್ದ ಹೆಂಗಸು ರವಿಯನ್ನೂ ರಟ್ಟೆ ಹಿಡಿದು ಇನ್ನೊಂದರ ಮೇಲೆ ಕೂರಿಸಿದಳು. ಹಿಂದೊಂದು, ಮುಂದೊಂದು ಹಾಲುಹಲ್ಲಿನ ಮಗು. ನಡುವೆ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ರವಿಕಿರಣ.

“ಹಾರವಾಡದ ಅಲೆಗೆ ದೋಣಿ ನೂಕೂ ಹುಡ್ಗ ಬಾತುಕೋಳಿ ಮೇಲೆ!” ದತ್ತಾ ಹೊಟ್ಟೆ ಹಿಡಿದು ನಕ್ಕ. ಬಾತುಕೋಳಿ ಒಂದು ಸುತ್ತು ಹಾಕಿ ಅವನೆದುರಿಗೇ ಬಂತು. ಹುಡುಗ ಅಳುತ್ತಿರಲಿಲ್ಲ. ತಲೆ ತಗ್ಗಿಸಿ, ಭುಜ ಕುಗ್ಗಿಸಿ, ಯಾರ ಕಣ್ಣಿಗೂ ದೊಡ್ಡವನಾಗಿ ಕಾಣಬಾರದೆಂದು ತನ್ನಷ್ಟಕ್ಕೆ ಇನ್ನೂ ಸಣ್ಣವನಾಗಲು ಹೆಣಗುತ್ತಿದ್ದ. ದತ್ತಾ ಹೊಟ್ಟೆಯಿಂದ ಕೈ ತೆಗೆದ.

ಇಳಿದು ಬಂದ ರವಿ ಕೇಳಿದ: “ಅಪ್ಪಾ, ನಾ ಇನ್ನು ಬೆಳೆಯೂದೇ ಇಲ್ವಾ?”

“ಯಾರ್ ಹೇಳಿದ್ದು ಹಾಂಗೆ?”

“ನೀನೇ. ಆ ಕಿಟಕಿಯವಂಗೆ.”

“ಅದು ವ್ಯಾಪಾರದ ಮಾತು, ತಮಾ!”

“ಮತ್ತೆ ಬೇರೆ ಮಾತು ಯಾವಾಗ ಹೇಳ್ತಿ?”

ದತ್ತಾ ಮಗನ ದೊಗಲೆ ಪ್ಯಾಂಟಿನ ಹಗ್ಗ ಬಿಗಿಯತೊಡಗಿದ. ದುರ್ಗಾ ದನಿ ಏರಿಸದೆ ಹೇಳಿದಳು: “ಮೀನನ್ನ ಸಣ್ಣದು ಅಂತ್ರಿ, ಸರಿ. ಅದನ್ನ ಕೊಂಡು ತರೂದಿರ್ತದೆ. ಇವ ಹುಟ್ಟಿದಾಗಿಂದ ನಮ್ಮನೆಯಲ್ಲೇ ಇದ್ದವ. ಇವನ್ನ ಯಾರ ಹತ್ರ ಕೊಳ್ಳೂಕೆ ಹೀಂಗೆ ಚೌಕಾಸಿ ಮಾಡಿದ್ರಿ?”

ದತ್ತಾ ಮಗನ ಕೈ ಹಿಡಿದು ನೇರ ಗೇಟಿನ ಕಿಟಕಿಗೆ ನಡೆದ. ಹಿಂದೆ ಸಂಸಾರವೆಲ್ಲ ಓಡಿತು.

“ಸಾಹೇಬ್ರೆ, ಈ ಹುಡ್ಗನಿಗೆ ಪೂರ್ತಿ ಟಿಕೇಟ್ ಕೊಡಿ. ಇವ ದೊಡ್ಡವ.”

ಕಿಟಕಿಯವನು ಕಣ್ಣು ಕಿರಿದು ಮಾಡಿದ. “ಮರಿ ಅಂದಿರಲ್ಲಾ? ತೂಕ ಇಲ್ಲ, ಉದ್ದ ಇಲ್ಲ, ಇನ್ನು ಬೆಳೆಯುವುದೂ ಇಲ್ಲ ಅಂದಿರಿ!”

“ಸುಳ್ಳು ಹೇಳಿದ್ದೆ.”

“ಆಗ ಹೇಳಿದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ? ಆ ರೈಲು ಅಪಾಯದ್ದು, ಚಾಚಾ. ಸಣ್ಣವರನ್ನು ಬಿಟ್ಟರೆ ನನ್ನ ಕೆಲಸ ಹೋಗುತ್ತದೆ.”

ಪ್ರಪಂಚದಲ್ಲಿ ಇಂಥ ಪೇಚಿಗೆ ಯಾವ ವ್ಯಾಪಾರಿ ಸಿಕ್ಕಿದ್ದಾನೆ! ದುಡ್ಡು ತನ್ನ ಕೈಯಿಂದಲೇ ಹೋಗಬೇಕು, ಹೊಗಳುವುದೂ ತಾನೇ ಹೊಗಳಬೇಕು! ಮಗನನ್ನು ಹೊಗಳಲು ದತ್ತಾನ ಬಳಿ ಒಂದು ಮಾತೂ ತಯಾರಿರಲಿಲ್ಲ. ಆಮೇಲೆ ಅವನು ಹುಡುಗನ ಕಡೆ ತಿರುಗಿ, ಮರಳಿನ ಮೇಲೆ ಬಿದ್ದ ಮೀನನ್ನು ನೋಡುವಂತೆ ತಲೆಯಿಂದ ಕಾಲಿನವರೆಗೆ ಮೊದಲ ಬಾರಿಗೆ ಸರಿಯಾಗಿ ನೋಡಿದ. ಹಿಂದಿ ಕೈಕೊಟ್ಟಿತು. ದಡದ ದನಿಯಲ್ಲಿ, ಊರಿನ ಮಾತಿನಲ್ಲಿ ಕೂಗತೊಡಗಿದ:

“ನೋಡಿ ಈ ಭುಜ! ಈ ಭುಜ ಕೊಟ್ಟು ದೋಣಿ ನೂಕ್ತಾನೆ! ನೋಡಿ ಕೈ, ನನ್ನ ಕೈಯಷ್ಟೇ ಉದ್ದ ಅದೆ! ಒಂದು ಬುಟ್ಟಿ ಬಂಗಡೆ ಒಬ್ಬನೇ ಹೊರ್ತಾನೆ! ಒಂದು ವರ್ಷ ಬಿದಿರಿಗೆ ಜೋತು ಬಿದ್ದು ಬೆಳೆದ ಹುಡ್ಗ ಇವ! ನನ್ನ ಮಗ! ದೊಡ್ಡವ! ದೊಡ್ಡವ ಸಾಹೇಬ್ರೆ, ದೊಡ್ಡವ!”

ಜನ ಸೇರಿದರು. ಭಾಷೆ ಯಾರಿಗೂ ಗೊತ್ತಿಲ್ಲ. ಆದರೂ ಯಾರೋ ಚಪ್ಪಾಳೆ ತಟ್ಟಿದರು. ಕಿಟಕಿಯವನು ಸೋತು, ಗೆರೆಯ ಹಲಗೆ ತೋರಿಸಿದ. ರವಿ ಹಿಂಜರಿದ.

“ನಿಲ್ಲು ತಮಾ. ನೆಟ್ಟಗೆ ನಿಲ್ಲು,” ಎಂದ ದತ್ತಾ. ಈಗ ದನಿ ಸಣ್ಣದಾಗಿತ್ತು.

ಹುಡುಗ ಮಂಡಿ ಬಿಡಿಸಿದ, ಬೆನ್ನು ನೆಟ್ಟಗೆ ಮಾಡಿದ, ಕುತ್ತಿಗೆ ಎತ್ತಿದ. ತಲೆ ಗೆರೆ ದಾಟಿ ನಿಂತಿತು. ಕಿಟಕಿಯವನು ತಲೆದೂಗಿ ಪೂರ್ತಿ ಟಿಕೇಟು ಹರಿದ. ಸುಳ್ಳು ಹೇಳಿದ್ದಕ್ಕೆ ದಂಡವನ್ನೂ ಸೇರಿಸಿದ. ರಾಮನಾಥ ಜೇಬಿಗೆ ಕೈ ಹಾಕಿದಾಗ ದತ್ತಾ ತಡೆದ: “ಬೇಡ ಭಾವಾ. ನನ್ನ ಮಗನ ಎತ್ತರಕ್ಕೆ ನಾನೇ ಕೊಡ್ತೆ.” ಗೋವೆಯ ಖರ್ಚಲ್ಲಿ ದುಬೈ ಎಂಬ ಶಪಥ ಅಲ್ಲಿಗೆ ಮುರಿಯಿತು. ಆದರೆ ದೊಡ್ಡವರ ನೀಲಿ ಪಟ್ಟಿ ಕಟ್ಟಿಸಿಕೊಂಡ ರವಿ ರೈಲಿನ ಕಡೆಗೂ ನೋಡದೆ ಅಪ್ಪನ ಮುಖವನ್ನೇ ನೋಡುತ್ತಿದ್ದ. ದತ್ತಾನಿಗೆ ಕಣ್ಣು ಮಂಜಾಯಿತು. ಬಿಸಿಗಾಳಿಗೆ ಅಂತ ಹೇಳಿಕೊಂಡ.

ಅಷ್ಟರಲ್ಲಿ ಯಾರೋ ಅವನ ಅಂಗಿ ಜಗ್ಗಿದರು. ಸುಮಾ! ಹಲ್ಲಿನಿಂದ ಕಚ್ಚಿ ತನ್ನ ಹಳದಿ ಪಟ್ಟಿ ಹರಿದು ಹಾಕಿ, ತುದಿಗಾಲಲ್ಲಿ ನಿಂತಿದ್ದಳು.

“ಅಪ್ಪಾ, ನಾನೂ ದೊಡ್ಡವ್ಳು. ಈಗ ನನ್ನ ಕೂಗು.”

“ಹುಚ್ಚಿ, ನಿಂಗೆ ಪುಕ್ಕಟೆ ಅದೆ!”

“ನಂಗೆ ಪುಕ್ಕಟೆ ಬೇಡ. ಅಣ್ಣನ್ನ ಕೂಗ್ದಂಗೆ ಕೂಗು.” ತುಟಿ ಆಗಲೇ ನಡುಗತೊಡಗಿತ್ತು.

ಕಿಟಕಿಯವನು ಬಗ್ಗಿ ನೋಡಿದ. ಗೆರೆಗೆ ಒಂದು ಗೇಣು ಕಡಿಮೆ. “ಇವಳಿಗೆ ಟಿಕೇಟ್ ಬೇಡ, ಚಾಚಾ. ಇವಳು ನಿಜವಾಗಿಯೂ ಸಣ್ಣವಳು.”

ದತ್ತಾ ಮಗಳ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಅಳಿದುಳಿದ ದುಡ್ಡು ತೆಗೆದು ಕಿಟಕಿಯಲ್ಲಿ ಇಟ್ಟ. ಆಮೇಲೆ ಗಂಟಲು ಸರಿಮಾಡಿಕೊಂಡು ಮತ್ತೆ ಶುರು ಮಾಡಿದ. ಈ ಸಲ ಮೊದಲಿಗಿಂತ ಜೋರಾಗಿ ಕೂಗಬೇಕಾಯಿತು, ಯಾಕೆಂದರೆ ಮಾಲು ನಿಜಕ್ಕೂ ಬಹಳ ಸಣ್ಣದಿತ್ತು!