ಕಮಾನು ಪಟ್ಟಿಯ ಮುಂದಿನ ಅರ್ಧ

ಪಕ್ಕದ ಮನೆಯಿಂದ ಜಾಕ್ ಕೇಳಿ ತಂದದ್ದೇ ತಪ್ಪಾಯಿತು. ಜಾಕ್ ಒಂದೇ ಬರಲಿಲ್ಲ, ಅದರ ಹಿಂದೆಯೇ ಅದರ ಯಜಮಾನರೂ ಬಂದರು.

ಯಜಮಾನರೆಂದರೆ ನಿವೃತ್ತ ಬಸ್ ಡ್ರೈವರು. ಬೀದಿಯವರಿಗೆಲ್ಲ ಅವರು ಡ್ರೈವರ್ ಮಾವ. ಬಸ್ಸು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಯಾರ ಮನೆಯಲ್ಲಿ ಏನೇ ನಡೆಯಲಿ, ಅದನ್ನು ತಿರುಗಿಸುವವರು ಇವರೇ.

ಜಾಕ್ ಬೇಕಾಗಿದ್ದುದು ಕನ್ನಡಕದವನಿಗೆ. ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟುಕೊಂಡು ನಾಲ್ಕು ಜನರ ಕಣ್ಣು ಸರಿಮಾಡುತ್ತಿದ್ದ ಈ ಸಭ್ಯ ಮನುಷ್ಯನಿಗೆ ಇದ್ದ ಹುಚ್ಚು ಒಂದೇ, ಕಾರಿನ ಓಟ. ಊರಾಚೆ ಪಾಳುಬಿದ್ದ ವಿಮಾನ ನಿಲ್ದಾಣದ ಓಡುದಾರಿಯ ಮೇಲೆ ವರ್ಷಕ್ಕೊಮ್ಮೆ ಪಂದ್ಯ. ತಿರುವಿಲ್ಲ, ಸುತ್ತಿಲ್ಲ, ಎರಡು ಕಾರು ಪಕ್ಕಪಕ್ಕ ನಿಂತು, ದೀಪ ಹಸಿರಾದೊಡನೆ ಮೂಗಿನ ನೇರಕ್ಕೆ ಓಡಬೇಕು. ಪ್ರತಿ ವರ್ಷವೂ ಇವನು ಹಲ್ಲಿನ ಡಾಕ್ಟರ ಬೆಳ್ಳಿ ಬಣ್ಣದ ಕಾರಿನ ಹೊಗೆ ಕುಡಿದು ಬರುತ್ತಿದ್ದ.

ತಪ್ಪು ಎಂಜಿನ್ನಿನದಲ್ಲ, ಹಿಂದಿನ ಕಮಾನು ಪಟ್ಟಿಯದು. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಆಕ್ಸಲ್‌ಗೆ ಬಿಗಿದ ಹಳೇ ಕಾಲದ ಏರ್ಪಾಡು ಅದು. ಒಮ್ಮೆಲೇ ಆಕ್ಸಿಲರೇಟರ್ ಒತ್ತಿದರೆ ಆಕ್ಸಲ್ ತಿರುಚಿಕೊಂಡು, ಪಟ್ಟಿ ಬಳುಕಿ, ಚಕ್ರ ನೆಲ ಹಿಡಿಯುವ ಬದಲು ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಈ ಸಲ ಅವನು ಉಪಾಯ ಹುಡುಕಿದ್ದ. ಪಟ್ಟಿಯ ಮುಂದಿನ ಅರ್ಧಕ್ಕೆ ಕ್ಲ್ಯಾಂಪು ಹಾಕಿ ಬಿಗಿಯಬೇಕು, ಹಿಂದಿನ ಅರ್ಧವನ್ನು ಸಡಿಲ ಬಿಡಬೇಕು. ಆಗ ಚಕ್ರ ನೆಲಕ್ಕೆ ಕಚ್ಚಿಕೊಳ್ಳುತ್ತದೆ.

ಈ ಸಲ ಗೆಲ್ಲಲೇಬೇಕಿತ್ತು. ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದಳು. ಮನೆಯವರು ಹೊಲಿಗೆ ಮೆಷಿನ್ನುಗಳ ನಡುವೆ ಅಡ್ಡಡ್ಡ ನಡೆದು ಒಳಗೆ ಹೋಗಬೇಕಾಗಿತ್ತು. ಆದರೆ ಮನೆಯ ಪಕ್ಕದ ದೊಡ್ಡ ಶೆಡ್ಡಿನಲ್ಲಿ ಕಾರು ಆರಾಮಾಗಿ ಕಾಲು ಚಾಚಿ ಮಲಗಿತ್ತು. "ಈ ವರ್ಷ ಒಂದೇ ಒಂದು ಓಟ ಗೆದ್ದು ಬನ್ನಿ, ಶೆಡ್ಡಿನ ಸುದ್ದಿ ಎತ್ತಲ್ಲ. ಸೋತ್ರೆ ನನ್ನ ಮೆಷಿನ್ನುಗಳು ಅಲ್ಲಿಗೆ ಹೋಗ್ತವೆ" ಎಂದಿದ್ದಳು. ಅತ್ತೆ ಮಾವಂದಿರ ಎದುರಿಗೇ ಅವನು ಹೂಂ ಎಂದುಬಿಟ್ಟಿದ್ದ.

"ಮುಂದೆ ಯಾಕೆ ಕಟ್ತಿದೀಯಾ?" ಡ್ರೈವರ್ ಮಾವ ಬಗ್ಗಿ ನೋಡಿದರು. "ಭಾರ ಬೀಳೋದು ಹಿಂದೆ. ಕಟ್ಟೋದೂ ಹಿಂದೇನೇ."

"ಮಾವ, ಇದು ಬಸ್ಸಲ್ಲ."

"ಬಸ್ಸಲ್ಲ ಅಂತ ನಂಗೂ ಕಾಣ್ತಿದೆ ಕಣಪ್ಪಾ. ಬಸ್ಸಾಗಿದ್ರೆ ಇಷ್ಟೊತ್ತಿಗೆ ಹೊರಟಿರ್ತಿತ್ತು."

ಅಷ್ಟರಲ್ಲಿ ಎದುರು ಮನೆಯ ಹಾಸಿಗೆ ಅಂಗಡಿಯವರು ಬಂದರು. ಮಂಚದ ಹಾಸಿಗೆಯಲ್ಲಿ ಸ್ಪ್ರಿಂಗ್ ಕೂರಿಸಿ ಕೈ ಪಳಗಿದವರು. ಕಾರು ಬೇರೆ, ಮಂಚ ಬೇರೆ ಎಂಬ ಭೇದಭಾವ ಅವರಲ್ಲಿರಲಿಲ್ಲ.

"ಸ್ಪ್ರಿಂಗ್ ಮೆತ್ತಗಿರ್ಬೇಕು ಸ್ವಾಮಿ. ಮೊದ್ಲು ಕೂತು ನೋಡ್ಬೇಕು" ಎಂದವರೇ ಹಿಂದಿನ ಬಂಪರಿನ ಮೇಲೆ ಕೂತು ಎರಡು ಸಲ ಎಗರಿದರು. ಕೆಳಗೆ ಮಲಗಿದ್ದ ಕನ್ನಡಕದವನ ಮುಖಕ್ಕೆ ಹಳೇ ಗ್ರೀಸು ಮುದ್ದೆಮುದ್ದೆಯಾಗಿ ಬಿತ್ತು.

"ಎದ್ದೇಳ್ರೀ!"

"ಬಿಗಿ ಜಾಸ್ತಿ ಇದೆ. ಮಧ್ಯೆ ಒಂದೊಂದು ಫೋಮ್ ತುಂಡು ಇಡೋಣ್ವಾ?"

ಬೇಡ ಎಂದು ಕೂಗುವಷ್ಟರಲ್ಲಿ ಅವರು ಫೋಮ್ ತರಲು ಹೋಗಿಯಾಗಿತ್ತು. ಅವರು ಬರುವ ಮೊದಲೇ ಹಿಂದಿನ ಬೀದಿಯ ಅಜ್ಜಿ ಮುರಿದ ಕನ್ನಡಕ ಹಿಡಿದು ಬಂದರು. "ಇದಿಲ್ದೆ ಮಗಳ ಮನೆ ಯಾವ್ದು, ಬೇರೆಯವರ ಮನೆ ಯಾವ್ದು ಅಂತಾನೇ ಗೊತ್ತಾಗಲ್ಲ ಮಗಾ" ಎಂದರು. ಅಂದೇ ಪಂದ್ಯ, ಕನ್ನಡಕದವನ ಕೆಲಸ ಅರ್ಧಕ್ಕೇ ನಿಂತಿತ್ತು. ಆದರೂ ಕೈ ಒರೆಸಿಕೊಂಡು ಒಳಗೆ ಹೋಗಿ, ಹುಡುಕಿ ಹುಡುಕಿ ಸಣ್ಣ ತಿರುಪು ಹಾಕಿಕೊಟ್ಟು ಬಂದ.

ಬಂದು ನೋಡಿದರೆ ಕ್ಲ್ಯಾಂಪುಗಳೆಲ್ಲ ಪಟ್ಟಿಯ ಹಿಂದಿನ ಅರ್ಧಕ್ಕೆ ಹೋಗಿ ಕೂತಿದ್ದವು, ಸಂದಿಯಲ್ಲಿ ಫೋಮ್ ಇಣುಕುತ್ತಿತ್ತು. ಡಿಕ್ಕಿಯಲ್ಲಿ ಒಂದು ದೊಡ್ಡ ಹತ್ತಿ ಮೂಟೆ ತುರುಕಲಾಗಿತ್ತು.

"ಇದೇನ್ರೀ ಇದು?"

"ಭಾರಕ್ಕೆ" ಎಂದರು ಹಾಸಿಗೆಯವರು.

"ಹತ್ತಿ ಭಾರಾನಾ?"

"ಮೂಟೆ ದೊಡ್ಡದಿದೆಯಲ್ಲ!"

ಡ್ರೈವರ್ ಮಾವ ಸ್ಪ್ಯಾನರ್ ಒರೆಸುತ್ತ, "ಎಲ್ಲಾ ಹಿಂದಕ್ಕೆ ಹಾಕ್ದೆ. ಈಗ ನೋಡು, ಹೇಗೆ ಓಡತ್ತೆ" ಎಂದರು. ಜೀವಮಾನದಲ್ಲಿ ಬಸ್ಸು ಹೊತ್ತಿಗೆ ಸರಿಯಾಗಿ ಓಡಿಸದವರ ಮುಖದಲ್ಲಿ ಅಂಥ ತೃಪ್ತಿ. ಕನ್ನಡಕದವನಿಗೆ ಅಳು ಬಂತು. ಮತ್ತೆ ಬಿಚ್ಚಿ ಕಟ್ಟೋಣವೆಂದರೆ ಇವರಿಬ್ಬರೂ ಬಿಡುವಂತಿರಲಿಲ್ಲ, ಪಂದ್ಯಕ್ಕೂ ಹೊತ್ತಾಗಿತ್ತು. ಮುಖದ ಗ್ರೀಸಿನಲ್ಲಿ ಅವನು ಅವನ ಹಾಗೇ ಕಾಣುತ್ತಿರಲಿಲ್ಲ. ಸೋಲುವುದಾದರೂ ಮುಖ ತೊಳೆದುಕೊಂಡು ಸೋಲೋಣವೆಂದು ಸ್ನಾನಕ್ಕೆ ಹೋದ.

ಸ್ನಾನ ಮುಗಿಸಿ ಬಂದಾಗ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಕಾರಿನ ಪಕ್ಕ ನಿಂತಿದ್ದಳು. ಡ್ರೈವರ್ ಮಾವ, ಹಾಸಿಗೆಯವರು ಶುಭ್ರವಾದ ಬಟ್ಟೆ ತೊಟ್ಟು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟಿದ್ದರು.

"ರೀ, ಒಂದು ಮಾತು—"

"ದಾರೀಲಿ ನನ್ನ ಹತ್ರ ಯಾರೂ ಮಾತಾಡ್ಬೇಡಿ. ನೀನೂ ಅಷ್ಟೇ!"

ಪಂದ್ಯದ ಜಾಗದಲ್ಲಿ ಎಲ್ಲರನ್ನೂ, ಹತ್ತಿ ಮೂಟೆಯನ್ನೂ ಕೆಳಗಿಳಿಸಿ ಅವನು ಮೇಜಿನ ಬಳಿ ಹೋದ. ಅಲ್ಲಿನ ಪದ್ಧತಿ ಬಲು ನ್ಯಾಯವಾದದ್ದು. ಕಾರುಗಳು ನಾನಾ ಥರದವಾದ್ದರಿಂದ, ಪ್ರತಿಯೊಬ್ಬನೂ ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಗೆರೆ ದಾಟುತ್ತದೆಂದು ಮೊದಲೇ ಹೇಳಬೇಕು. ಹೆಚ್ಚು ಹೊತ್ತು ಹೇಳಿದವನಿಗೆ ಅಷ್ಟು ಮುಂಚೆ ಹಸಿರು ದೀಪ. ಸುಳ್ಳು ಹೇಳಿ ಯಾರೂ ಲಾಭ ಮಾಡಿಕೊಳ್ಳಬಾರದೆಂದು ಒಂದು ಕಟ್ಟುಪಾಡೂ ಇತ್ತು.

"ನಿಮ್ದೆಷ್ಟು?" ಮೇಜಿನ ಹಿಂದಿನ ಹುಡುಗಿ ಕೇಳಿದಳು.

ಕ್ಲ್ಯಾಂಪು ಮುಂದಿದ್ದಿದ್ದರೆ ಹದಿನಾರು ಎನ್ನುತ್ತಿದ್ದ. ಈಗ ಕಪ್ಪೆ ಓಟ ಖಚಿತ.

"ಹತ್ತೊಂಬತ್ತು ಹಾಕಮ್ಮಾ" ಎಂದ, ಇಡೀ ಬೀದಿಗೆ ಶಾಪ ಹಾಕುತ್ತ.

ಪಕ್ಕದ ಸಾಲಿಗೆ ಹಲ್ಲಿನ ಡಾಕ್ಟರು ಬಂದು ನಿಂತರು. ಇವನನ್ನು ಕಂಡು ಹಲ್ಲು ಕಿರಿದರು. ಅವರ ಹಲ್ಲು ಚೆನ್ನಾಗಿಯೇ ಇತ್ತು, ಅದೂ ಒಂದು ಸಂಕಟ. ಇವನ ದೀಪ ಹಸಿರಾಯಿತು. ಬಂದದ್ದು ಬರಲಿ ಎಂದು ಹಲ್ಲುಕಚ್ಚಿ ಒತ್ತಿದ.

ಕಾರು ಕುಪ್ಪಳಿಸಲಿಲ್ಲ. ಹಿಂದಿನ ಚಕ್ರಗಳು ನೆಲವನ್ನು ಕಚ್ಚಿ ಹಿಡಿದವು, ಮೂತಿ ಮೇಲೆದ್ದಿತು, ಬೆನ್ನು ಸೀಟಿಗೆ ಅಂಟಿತು. ಅವನಿಗೆ ನಂಬಿಕೆಯೇ ಬರಲಿಲ್ಲ. ಕನ್ನಡಿಯಲ್ಲಿ ಬೆಳ್ಳಿ ಕಾರು ಎಲ್ಲೋ ಹಿಂದೆ ಕಡಲೆಕಾಳಿನಷ್ಟು ಕಂಡಿತು. ಜನ್ಮದಲ್ಲಿ ಮೊದಲ ಸಲ ಅವನು ಕಾರಿನೊಳಗೆ ಹಾಡು ಹೇಳಿದ, ಕಾಲು ಮಾತ್ರ ತೆಗೆಯಲಿಲ್ಲ. ಅವನು ಗೆರೆ ದಾಟಿದಾಗ ಡಾಕ್ಟರು ಇನ್ನೂ ಅರ್ಧ ದಾರಿಯಲ್ಲಿದ್ದರು.

ಇಳಿದು ಎರಡೂ ಕೈ ಎತ್ತಿದ. ಡ್ರೈವರ್ ಮಾವ ಓಡಿ ಬಂದು ತಬ್ಬಿಕೊಂಡರು. "ಹಿಂದಕ್ಕೆ ಕಟ್ಟು ಅಂತ ನಾನು ಬಡ್ಕೊಳ್ಲಿಲ್ವಾ!"

ಆಗ ಧ್ವನಿವರ್ಧಕ ಕೆಮ್ಮಿತು. "ಹತ್ತೊಂಬತ್ತು ಸೆಕೆಂಡು ಅಂತ ಹೇಳಿ ಹದಿನಾರರಲ್ಲಿ ಗೆರೆ ದಾಟಿದ್ದಾರೆ. ಹೇಳಿದ್ದಕ್ಕಿಂತ ಬೇಗ ಬಂದವರು ಪಂದ್ಯದಿಂದ ಹೊರಗೆ. ಗೆಲುವು ಡಾಕ್ಟರದ್ದು."

ಕನ್ನಡಕದವನ ಕೈಗಳು ಎತ್ತಿದಲ್ಲೇ ಉಳಿದವು. ಆಮೇಲೆ ಅವನು ಒಗೆದ ಬಟ್ಟೆಯಲ್ಲೇ ಕಾರಿನ ಕೆಳಗೆ ತೆವಳಿದ. ಕ್ಲ್ಯಾಂಪುಗಳು ಪಟ್ಟಿಯ ಮುಂದಿನ ಅರ್ಧದಲ್ಲಿದ್ದವು. ಒಂದೊಂದೂ ಗುಂಡಿ ಹೊಲಿದಷ್ಟು ಸಮನಾದ ಅಂತರದಲ್ಲಿ ಬಿಗಿಯಾಗಿ ಕೂತಿದ್ದವು. ಫೋಮ್ ಚೂರೂ ಇರಲಿಲ್ಲ.

"ನಾನೇ ರೀ" ಎಂದಳು ಹೆಂಡತಿ, ಬಗ್ಗಿ. "ನೀವು ಸ್ನಾನಕ್ಕೆ ಹೋದಾಗ ಇವರಿಬ್ರೂ ಬಟ್ಟೆ ಬದಲಾಯಿಸೋಕೆ ಹೋದ್ರಲ್ಲ, ಆಗ. ವರ್ಷವಿಡೀ ಊಟದ ಹೊತ್ತಲ್ಲಿ ಇದೇ ಪಾಠ ಕೇಳಿದೀನಿ, ಬರಲ್ವಾ ನಂಗೆ? ಸೋತ್ರೆ ಶೆಡ್ಡು ನನಗೇ, ನಿಜ. ಆದ್ರೆ ಇವರಿಬ್ರು ಸೇರಿ ನಿಮ್ಮನ್ನ ಸೋಲಿಸೋದು ನೋಡೋಕಾಗ್ಲಿಲ್ಲ."

ಕೆಳಗೆ ಮಲಗಿದವನಿಗೆ ಬೈಯಬೇಕೋ, ಕೈ ಮುಗಿಯಬೇಕೋ ತಿಳಿಯಲಿಲ್ಲ. "ಒಂದು ಮಾತು ಹೇಳೋಕೇನಾಗಿತ್ತೇ?" ಎಂದು ಶುರುಮಾಡಿದವನಿಗೆ ಹೊರಡುವಾಗ ತಾನೇ ಅವಳ ಬಾಯಿ ಮುಚ್ಚಿಸಿದ್ದು ನೆನಪಾಯಿತು. ಶೆಡ್ಡು ಹೋಗಿತ್ತು. ಅದನ್ನು ಕಳೆದವಳ ಕಣ್ಣಲ್ಲಿ ನೀರು ಬೇರೆ ತುಂಬಿತ್ತು, ಈಗ ಅವಳನ್ನು ಸಮಾಧಾನ ಮಾಡುವ ಕೆಲಸವೂ ಇವನದೇ.

ಕಾರಿನ ಇನ್ನೊಂದು ಬದಿಯಿಂದ ಡ್ರೈವರ್ ಮಾವನ ಮುಖ ತಲೆಕೆಳಗಾಗಿ ಇಣುಕಿತು.

"ಶೆಡ್ಡು ಹೋದ್ರೆ ಹೋಗ್ಲಿ ಬಿಡಪ್ಪಾ, ಅದಕ್ಯಾಕೆ ಯೋಚ್ನೆ? ಕಾರು ನಮ್ಮ ಅಂಗಳದಲ್ಲಿ ನಿಲ್ಸು. ದಿನಾ ನಾನೇ ನೋಡ್ಕೋತೀನಿ."