ರೇವವ್ವನ ಹಾಡಿಗೆ ಮಡಿವಾಳೆಪ್ಪನ ಟ್ರ್ಯಾಕು

ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಹೆಂಡತಿಯ ಬಾಯಿಂದ ಒಂದೇ ಒಂದು ಶಹಬ್ಬಾಸ್ ಕೇಳಿರದ ಗಂಡಸು ಯರಗುಪ್ಪಿಯಲ್ಲಿ ಯಾರಾದರೂ ಇದ್ದರೆ ಅದು ಸೊಸೈಟಿ ಗುಮಾಸ್ತ ಮಡಿವಾಳೆಪ್ಪ. ಹೆಂಡತಿ ರೇವವ್ವ ಊರಿಗೇ ಹಾಡುಗಾರ್ತಿ. ಅವಳ ಹಾಡಿಲ್ಲದೆ ಯಾವ ಬಸುರಿಯೂ ಹಸಿರು ಸೀರೆ ಉಟ್ಟು ಕುಬಸಕ್ಕೆ ಕೂಡುತ್ತಿರಲಿಲ್ಲ. ಆದರೆ ಅವಳ ಶಹಬ್ಬಾಸೆಲ್ಲ ಹಾರ್ಮೋನಿಯಂ ಪೇಟಿ ಬಾರಿಸುವ ಮುದುಕ ಟೇಲರ್ ಬಾಬಾಸಾಬನ ಪಾಲಿಗೆ. "ಕೈ ಅಂದ್ರ ಬಾಬಾಸಾಬ ಕಾಕಾಂದು!" ಎಂದು ಅವಳು ಅಂದಾಗಲೆಲ್ಲ ಮಡಿವಾಳೆಪ್ಪ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದ. (ಸೊಸೈಟಿ ಶಿಕ್ಕಾ ಒತ್ತಿ ಒತ್ತಿ ಹತ್ತಿದ ಮಸಿ ಬಿಟ್ಟರೆ ಅವುಗಳಲ್ಲಿ ದೋಷವೇನೂ ಕಾಣುತ್ತಿರಲಿಲ್ಲ.)

ಅಂಥದರಲ್ಲಿ ನೆರೆಮನೆಯ ಸಾವಂತ್ರೆವ್ವನ ಸೊಸೆಯ ಕುಬಸದ ದಿನವೇ ಬಾಬಾಸಾಬ ಮೊಮ್ಮಗಳ ನಿಕಾಕ್ಕೆ ಗುಡಗೇರಿಗೆ ಹೊರಟ. ಮಡಿವಾಳೆಪ್ಪನಿಗೆ ಸ್ವರ್ಗ ಮೂರೇ ಗೇಣು.

"ನೀ ಚಿಂತಿ ಮಾಡಬ್ಯಾಡ. ಲ್ಯಾಪ್‌ಟಾಪಿನ್ಯಾಗ ನಾನ ಪೇಟಿ ಮಾಡಿ ಕೊಡತೇನಿ."

"ಅದೇನ್ ರೊಟ್ಟಿ ಏನ್ರಿ, ಮಾಡಿ ಕೊಡಾಕ?"

ಕೀಬೋರ್ಡ್ ತರಿಸಿದ, ವಿಡಿಯೋ ನೋಡಿ ಮಿಡಿ ಕಲಿತ. ಮಿಡಿ ಎಂದರೆ (ಉಪ್ಪಿನಕಾಯಿಯದಲ್ಲ) ಯಾವ ಕೀ ಯಾವಾಗ, ಎಷ್ಟು ಹೊತ್ತು ಒತ್ತಿದೆ ಎಂದು ಕಂಪ್ಯೂಟರು ಬರೆದಿಟ್ಟುಕೊಳ್ಳುವ ವಿದ್ಯೆ. ಸ್ವರಗಳು ಪರದೆಯ ಮೇಲೆ ಪುಟ್ಟ ಪಟ್ಟಿಗಳಾಗಿ ಮೂಡುತ್ತವೆ. ತಪ್ಪಿದ್ದನ್ನು ಮೌಸಿನಿಂದ ಎಳೆದು ಸರಿಮಾಡಬಹುದು. ಮಡಿವಾಳೆಪ್ಪನ ಹತ್ತೂ ಬೆರಳು ತಪ್ಪಿದ್ದರಿಂದ ಎಂಟು ದಿನ ಎಳೆದು, ಅವಳ ಹಾಡಿಗೆ ಪೇಟಿಯ ಟ್ರ್ಯಾಕು ಮುಗಿಸಿದ.

ತಾಲೀಮು ಅಡುಗೆಮನೆಯಲ್ಲಿ. ರೇವವ್ವ ಎರಡು ಸಾಲು ಹಾಡಿ, ಹಾಲು ಉಕ್ಕಿತೆಂದು ಓಡಿದಳು. ಮತ್ತೆರಡು ಸಾಲು ಹಾಡಿ, ಅಂಗಳದ ಶೇಂಗಾಕ್ಕೆ ಬಾಯಿ ಹಾಕಿದ ಆಡಿಗೆ ಅದರ ವಂಶಾವಳಿಯನ್ನೆಲ್ಲ ಹೇಳಿ ಬಂದಳು. ಟ್ರ್ಯಾಕು ಮಾತ್ರ ಯಾರಿಗೂ ಕಾಯದೆ ಓಡಿ ಮುಗಿದೇಹೋಯಿತು.

"ಬಾಬಾಸಾಬ ಕಾಕಾ ಆಗಿದ್ರ, ನಾ ನಿಂತಲ್ಲಿ ನಿಂದರತಿದ್ರು," ಎಂದಳು.

ಮಡಿವಾಳೆಪ್ಪನ ಮೈಯೆಲ್ಲ ಉರಿಯಿತು. ಪುಣ್ಯಕ್ಕೆ ತಾಲೀಮನ್ನು ಫೋನಿನಲ್ಲಿ ಹಿಡಿದಿಟ್ಟಿದ್ದ. ಅವಳು ಎಲ್ಲೆಲ್ಲಿ ನಿಂತಿದ್ದಳೋ ಅಲ್ಲಲ್ಲಿ ಟ್ರ್ಯಾಕನ್ನು ಕತ್ತರಿಸಿ ಖಾಲಿ ಜಾಗ ಬಿಟ್ಟ. ಹಾಲಿಗೆ ಒಂಬತ್ತು ಸೆಕೆಂಡು, ಆಡಿಗೆ ಹದಿನಾಲ್ಕು. ಇನ್ನು ಹೇಗೆ ಶಹಬ್ಬಾಸ್ ಅನ್ನುವುದಿಲ್ಲವೋ ನೋಡೇಬಿಡುತ್ತೇನೆ ಎಂದುಕೊಂಡ.

ಕುಬಸದ ದಿನ ಇಸ್ತ್ರಿ ಅಂಗಿ ತೊಟ್ಟು ಸ್ಪೀಕರಿನ ಬಾಜು ಕೂತ. ಮೊದಲ ಎರಡು ಸಾಲು ಅಗದಿ ಚಂದ ಬಂದವು. ಹೆಂಗಸರು ತಲೆದೂಗಿದರು, ಮಡಿವಾಳೆಪ್ಪ ಹಿಗ್ಗಿ ಹೀರೇಕಾಯಿಯಾದ. ರೇವವ್ವ ಮೂರನೆಯ ಸಾಲೆತ್ತಿದಳು, ಪೇಟಿ ಗಪ್ಪಾಯಿತು. ಅದು ಹಾಲು ಉಕ್ಕುವ ಹೊತ್ತು! ಅವಳು ಹಾಡು ನಿಲ್ಲಿಸಿ ಗಂಡನನ್ನು ದುರುಗುಟ್ಟಿ ನೋಡಿದಳು, ಪೇಟಿ ಶುರುವಾಯಿತು. ಹೇಗೋ ಹಿಡಿದುಕೊಂಡು ಹಾಡುವಷ್ಟರಲ್ಲಿ ಬಮ್ಮಿಗಟ್ಟಿಯಿಂದ ಬಸುರಿಯ ತವರಿನ ಬೀಗಿತ್ತಿಯರು ಒಳಗೆ ಬಂದರು. "ಬರ್ರಿ ಬರ್ರಿ, ಮುಂದ ಕೂಡ್ರಿ," ಎಂದು ಅವಳು ಹಾಡು ಬಿಟ್ಟು ಕರೆದಳು; ಪೇಟಿ ತನ್ನ ಪಾಡಿಗೆ ತಾನು ಮುಂದೆ ಹೋಯಿತು. ಅವಳು ಮತ್ತೆ ಬಾಯಿ ತೆರೆದಳು. ಆಡಿನ ಹದಿನಾಲ್ಕು ಸೆಕೆಂಡು ಬಂತು.

"ಏನಾತು ಇದಕ್ಕ, ರೇವಕ್ಕಾ?" ಎಂದಳು ಸಾವಂತ್ರೆವ್ವ.

"ಏನೂ ಆಗಿಲ್ಲ ತಗೋ ಬೇ. ಮಾಡಿದವರ ಗುಣಾನ ಬಂದೈತಿ. ನಡಿ ಅಂದ್ರ ನಿಂದರತೈತಿ, ನಿಂದರು ಅಂದ್ರ ನಡೀತೈತಿ. ಥೇಟ್ ನಮ್ಮ ಮನಿಯವರು!"

ಮನೆ ಹಾರಿಹೋಗುವಂಥ ನಗು. ಬಸುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಡಿವಾಳೆಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮನೆಗೆ ಬಂದವನೇ ಲ್ಯಾಪ್‌ಟಾಪ್ ತೆರೆದ. "ಖಾಲಿ ಜಾಗ ಎಲ್ಲಾ ತಗದಬಿಡತೇನಿ."

"ತಗೀಬ್ಯಾಡ್ರಿ ಮತ್ತ! ಬರೋ ಶುಕ್ರವಾರ ಬಮ್ಮಿಗಟ್ಟ್ಯಾಗ ತಮ್ಮ ಹಿರಿ ಮಗಳ ಕೂಸಿನ ತೊಟ್ಟಿಲ ಕಾರ್ಯಕ್ಕ ಇದನ್ನ ಹಿಂಗ ತರ್ರಿ ಅಂದಾರ ಬೀಗಿತ್ಯಾರು. ಇಷ್ಟು ನಕ್ಕು ಎಷ್ಟ್ ವರ್ಷ ಆಗಿತ್ತೋ ಏನೋ. ಶಹಬ್ಬಾಸ್ ನೋಡ್ರಿ!"

ಮಡಿವಾಳೆಪ್ಪನ ಕಣ್ಣು ತುಂಬಿ ಬಂತು. "ಅಂದ್ರ ಇನ್ನ ನಿನ್ನ ಹಾಡಿಗಿ ನಂದ ಪೇಟಿ?"

"ಹಾಡಿಗಿ ಬಾಬಾಸಾಬ ಕಾಕಾ ಅದಾರಲ್ರಿ," ಎಂದಳು ರೇವವ್ವ. "ನಿಮ್ಮದು ಊಟ ಆದಮ್ಯಾಗ, ನಗಾಕ."