ಐದನೇ ಬೋರಿನ ಮಣ್ಣು

ಶಾಲೆಯ ಪಾಯ ಮೂರೂವರೆ ಅಡಿ ಆಳವಿರತಕ್ಕದ್ದೆಂದು ಮಂಜೂರಾಗಿ, ಶಂಕುಸ್ಥಾಪನೆ ನೆರವೇರಿ, ಕಲ್ಲಿನ ಮೇಲೆ ಹದಿನಾಲ್ಕು ಗಣ್ಯರ ಹೆಸರು ಕೆತ್ತಿಯಾದ ತರುವಾಯ, ಕೆಳಗೆ ಎಂಥ ಮಣ್ಣಿದೆಯೆಂದು ತಿಳಿಯಲು ಇಲಾಖೆಯು ನಿಯಮಾನುಸಾರ ಆದೇಶ ಹೊರಡಿಸಿತು.

ಆದೇಶ ಬಂದದ್ದು ಮಣ್ಣಕ್ಕನ ಮೇಜಿಗೆ. ಇಪ್ಪತ್ತೆರಡು ವರ್ಷ ಮಣ್ಣು ಪರೀಕ್ಷೆ ಮಾಡಿದವಳಿಗೆ ಕಚೇರಿಯಲ್ಲಿ ಆ ಹೆಸರೇ ನಿಂತಿತ್ತು. ಆ ಶಾಲೆಯ ಒಂದನೇ ತರಗತಿಗೆ ಪಾಠ ಮಾಡುವವಳು ಅವಳ ಒಡಹುಟ್ಟಿದ ತಂಗಿ ಎಂಬುದು ಆದೇಶದಲ್ಲಿರಲಿಲ್ಲ.

ನಿವೇಶನದ ನಾಲ್ಕು ಮೂಲೆಗೆ ನಾಲ್ಕು ಬೋರು ಕೊರೆಸಿದಳು. ಇಪ್ಪತ್ತೈದು ಅಡಿಯವರೆಗೂ ಒಂದೇ ಕಪ್ಪು ಜೇಡಿ; ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು, ಮಳೆಗೆ ಉಬ್ಬಿ ಮೇಲೇಳುವ ಮಣ್ಣು. ಒಣಗಿಸಿ, ಪುಡಿ ಮಾಡಿ, ಅಳತೆಯ ಗಾಜಿನ ಕೊಳವೆಗೆ ಹಾಕಿ ನೀರು ತುಂಬಿಸಿದಳು. ಹತ್ತನೇ ಗೆರೆಯಲ್ಲಿದ್ದ ಮಣ್ಣು ಮರುದಿನ ಇಪ್ಪತ್ತಮೂರಕ್ಕೆ ಏರಿ ಕೂತಿತ್ತು. ಕೊಳವೆಯನ್ನು ಹಾಗೇ ಎತ್ತಿಕೊಂಡು ದೊಡ್ಡ ಸಾಹೇಬರ ಕೋಣೆಗೆ ಹೋದಳು.

"ಇದ್ಯಾಕ್ರೀ ಹಿಂಗಾಯ್ತು?"

"ನೀರು ಹಾಕಿದ್ದಕ್ಕೆ ಸರ್."

"ನೀರು ಹಾಕೋಕೆ ಯಾರು ಹೇಳಿದ್ರು?"

"ಮಳೆ ಬಂದ್ರೆ ಹಿಂಗೇ ಆಗೋದು ಸರ್. ಮೂರೂವರೆ ಅಡಿ ಪಾಯ ತಡಿಯಲ್ಲ. ಆಳಕ್ಕೆ ಕಂಬ ಇಳಿಸ್ಬೇಕು."

"ಮಳೆ ನಮ್ಮ ಇಲಾಖೆ ವ್ಯಾಪ್ತೀಲಿಲ್ಲ," ಎಂದರು ಸಾಹೇಬರು, ಬೇಸರವೇನೂ ಇಲ್ಲದೆ. "ನೋಡಮ್ಮಾ, ಪಾಯ ಮಂಜೂರಾಗಿದೆ, ಅದನ್ನ ಬದಲಾಯಿಸೋಕಾಗಲ್ಲ. ಮಣ್ಣು ಇನ್ನೂ ಮಂಜೂರಾಗಿಲ್ಲ. ಬೇರೆ ಮಣ್ಣು ಹುಡುಕಿ."

ಹುಡುಕಾಟ ಶುರುವಾಯಿತು. ಬೋರು ನಿವೇಶನದ ಒಳಗೇ ಇರತಕ್ಕದ್ದೆಂದು ನಿಯಮಾವಳಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಅದನ್ನೂ ಬರೆಯಬೇಕಾದೀತೆಂದು ಬರೆದವರಿಗೆ ಹೊಳೆದಿರಲಿಲ್ಲ. ಬೋರಿಂಗ್ ಮೇಸ್ತ್ರಿ ಯಂತ್ರವನ್ನು ಲಾರಿಗೇರಿಸಿ ಆರು ಕಿಲೋಮೀಟರು ದೂರದ ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿದ. ನಾಲ್ಕಡಿಗೇ ಬಂಡೆ ಖಣ್ ಎಂದಿತು.

"ಸಿಕ್ತು ಮೇಡಂ! ನಮ್ಮ ಶಾಲೆ ಎಂಥಾ ಗಟ್ಟಿ ಜಾಗದಲ್ಲಿದೆ ನೋಡಿ," ಎಂದು ಬೆವರು ಒರೆಸಿಕೊಂಡ.

ತಮಾಷೆ ಮಾಡುತ್ತಿದ್ದಾನೋ ಎಂದು ಅವನ ಮುಖ ನೋಡಿದಳು. ಇಲ್ಲ.

ಅದು ಐದನೇ ಬೋರು ಎಂದು ದಾಖಲಾಯಿತು. ಮೊದಲ ನಾಲ್ಕರ ಮಣ್ಣು "ನೀರಿನ ಸಂಪರ್ಕಕ್ಕೆ ಬಂದು ಕೆಟ್ಟಿರುತ್ತದೆ" ಎಂಬ ಷರಾ ಹೊತ್ತು ಕಪಾಟು ಸೇರಿತು.

ವರದಿಗೆ ಸಹಿ ಮಾತ್ರ ಮಣ್ಣಕ್ಕನದೇ ಬೇಕಿತ್ತು. ಮೂರು ದಿನ ಸತಾಯಿಸಿದಳು. ನಾಲ್ಕನೇ ದಿನ ಸಾಹೇಬರು, "ನೀವು ಹಾಕ್ದಿದ್ರೆ ಸುಣ್ಣಬಣ್ಣದ ವಿಭಾಗದವನ ಕೈಲಿ ಹಾಕಿಸ್ತೀನಿ. ಅವನ ಸಹಿ ನೋಡೋಕೂ ಚೆನ್ನಾಗಿದೆ," ಎಂದರು.

ಯಾರು ಹಾಕಿದರೂ ಶಾಲೆ ಅಲ್ಲೇ ಏಳುವುದು ಖಂಡಿತವಾಯಿತು.

"ಹಾಕ್ತೀನಿ ಸರ್. ಕಿಟಕಿ ಮಾತ್ರ ನಾನು ಹೇಳ್ದಂಗೆ ಇಡಿಸಿ. ಮಕ್ಕಳ ಮೊಣಕಾಲೆತ್ತರಕ್ಕೆ, ಅಗಲವಾಗಿ. ಸರಳು ಬೇಡ."

"ಕಿಟಕಿಗೂ ಮಣ್ಣಿಗೂ ಏನ್ರೀ ಸಂಬಂಧ?"

"ಗಾಳಿಗೆ ಸರ್."

"ಗಾಳಿನಾ? ಅದೂ ನಮ್ಮ ವ್ಯಾಪ್ತೀಲಿಲ್ಲ. ಆಗಲಿ, ಇಡಿಸಿ."

"ಐದನೇ ಬೋರಿನ ಮಣ್ಣಿನ ಮೇಲೆ ಕಟ್ಟುವ ಕಟ್ಟಡಕ್ಕೆ ಮೂರೂವರೆ ಅಡಿ ಪಾಯ ಸಾಕು" ಎಂದು ಬರೆದು ಸಹಿ ಹಾಕಿದಳು. ಒಂದಕ್ಷರವೂ ಸುಳ್ಳಲ್ಲ.

ಮೊದಲ ದೊಡ್ಡ ಮಳೆಗೆ ಶಾಲೆ ಎರಡೂವರೆ ಅಂಗುಲ ಎದ್ದಿತು, ಒಂದು ಕಡೆ ಮಾತ್ರ. ಗೋಡೆ ಮೂಲೆಯಿಂದ ಮೂಲೆಗೆ ಸೀಳಿತು. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಅಲುಗದಾಯಿತು. ತಂಗಿ ಮೂವತ್ತೆಂಟು ಮಕ್ಕಳನ್ನು ಒಬ್ಬೊಬ್ಬರಾಗಿ ಕಿಟಕಿಯಿಂದ ಇಳಿಸಿ, ಕೊನೆಗೆ ತಾನೂ ಇಳಿದು ಫೋನ್ ಮಾಡಿದಳು.

"ಅಕ್ಕಾ, ಎಲ್ಲರೂ ಹೊರಗಿದೀವಿ ಕಣೇ."

ಮಣ್ಣಕ್ಕ ಕುರ್ಚಿಯ ಮೇಲೆ ಕೂತಳು. ಮಳೆ ಶುರುವಾದಾಗಿನಿಂದ ನಿಂತೇ ಇದ್ದಳು.

ಇಲಾಖೆ ತಡಮಾಡದೆ ಪ್ರಕಟಣೆ ಹೊರಡಿಸಿತು: "ಐದನೇ ಬೋರಿನ ಮಣ್ಣು ಉಬ್ಬುವ ಜಾತಿಯದಲ್ಲವಾದ್ದರಿಂದ ಕಟ್ಟಡವು ಎದ್ದಿರುವುದಿಲ್ಲ. ಬಿರುಕುಗಳನ್ನು ವಿನ್ಯಾಸವೆಂದು ತಿಳಿಯತಕ್ಕದ್ದು. ಇನ್ನು ಮುಂದೆ ಕಿಟಕಿಯೇ ಬಾಗಿಲು." ಇಷ್ಟು ಮುಂದಾಲೋಚನೆಯಿಂದ ಕಿಟಕಿ ಇಡಿಸಿದ್ದಕ್ಕೆ ದೊಡ್ಡ ಸಾಹೇಬರಿಗೆ ಬಡ್ತಿಯಾಯಿತು. ಆಸುಪಾಸಿನ ಇನ್ನು ಹನ್ನೊಂದು ಶಾಲೆಗಳಿಗೂ, ಪದೇ ಪದೇ ಕೊರೆಯುವ ತೊಂದರೆ ಬೇಡವೆಂದು, ಅದೇ ಐದನೇ ಬೋರು ಅನ್ವಯವಾಯಿತು. ಮಣ್ಣಕ್ಕ ಹನ್ನೊಂದಕ್ಕೂ ಕಿಟಕಿಯ ಅಳತೆ ಬರೆದುಕೊಟ್ಟಳು.

ಬೇಸಿಗೆಗೆ ಮಣ್ಣು ಕುಗ್ಗಿ, ಶಾಲೆಯ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ತಂಗಿಯನ್ನು ನೋಡಲು ಬಂದ ಮಣ್ಣಕ್ಕ ಹೊಸ್ತಿಲ ಮೇಲೆ ಕಾಲಿಟ್ಟಳು.

"ಮಿಸ್! ಯಾರೋ ಗೋಡೆಯಿಂದ ಬರ್ತಿದಾರೆ!" ಒಂದು ಮಗು ಚೀರಿತು.

"ಅಕ್ಕಾ, ಸುಮ್ನೆ ಈ ಕಡೆಯಿಂದ ಬಾರೇ," ತಂಗಿ ಕೂಗಿದಳು. "ಮಕ್ಕಳು ಹೆದರ್ಕೋತಾರೆ."

ಮಣ್ಣಕ್ಕ ಹಿಂದೆ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು, ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಳು. ಸಾಲಿನ ಮುಂದೆ, ತಪಾಸಣೆಗೆ ಬಂದಿದ್ದ ದೊಡ್ಡ ಸಾಹೇಬರು ಆಗಲೇ ಒಂದು ಕಾಲು ಒಳಗಿಟ್ಟಿದ್ದರು.